ಒಳ್ಳೆಯ ಹಲ್ಲು

ನೋಡಬಾರದು ಎಂದುಕೊಂಡೇ ಅವಳು ಅಪ್ಪ ಬ್ರೆಡ್ಡು ಅಗಿಯುವುದನ್ನು ನೋಡುತ್ತಿದ್ದಳು. ಬಲಗಡೆ ಒಂದಷ್ಟು ಹೊತ್ತು ಅರೆದಾದ ಮೇಲೆ ನಾಲಿಗೆ ಆ ಮುದ್ದೆಯನ್ನು ಎಡಗಡೆಗೆ ತಳ್ಳುತ್ತಿತ್ತು, ಎಡಗೆನ್ನೆ ಉಬ್ಬಿ ಇಳಿಯುತ್ತಿತ್ತು, ಮತ್ತೆ ಮುದ್ದೆ ಬಲಗಡೆಗೆ. ಇಷ್ಟರ ನಡುವೆ ಅಪ್ಪ ಪೇಪರಿನ ಯಾವುದೋ ಸುದ್ದಿಯನ್ನು ಓದಿ ಹೇಳುತ್ತಿದ್ದ. ಮಾತಿನ ಜೊತೆ ಮೊಟ್ಟೆಯ ಹಳದಿಯ ಒಂದು ಕಣ ಕೆಳದುಟಿಗೆ ಬಂದು ಕೂತು ಸುದ್ದಿ ಮುಗಿಯುವವರೆಗೂ ಅಲ್ಲೇ ಇತ್ತು. ಸೋಮವಾರದಿಂದ ಹೀಗೆ. ಅದಕ್ಕೂ ಮೊದಲು ಜನರಿಗೆ ಮುಖಗಳಿದ್ದವು, ಈಗ ಬರೀ ಬಾಯಿಗಳು. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟದ ನೀರಿನಲ್ಲಿ ಅಜ್ಜಿಯ ಹಲ್ಲಿನ ಸೆಟ್ಟು ಮುಳುಗಿ ಕೂತು ಯಾರ ಹಂಗೂ ಇಲ್ಲದೆ ನಗುತ್ತಿತ್ತು. ಅಜ್ಜಿಯ ಮಗ, ಎಂದರೆ ಅವಳ ಸೋದರಮಾವ, ತನ್ನ ಕೈಯಾರೆ ಮಾಡಿಕೊಟ್ಟದ್ದು. ‘ನನ್ನ ಮಗ ಕಟ್ಟಿಕೊಟ್ಟ ಹಲ್ಲು ಕಣೇ, ನಾನು ಸತ್ತ ಮೇಲೂ ನಗ್ತಾ ಇರುತ್ತೆ’ ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಈಗ ಅದೇ ಅಜ್ಜಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಒಸಡಿನಿಂದ ಅದುಮಿ ಅದುಮಿ ಒಳಗೆ ಕಳಿಸುತ್ತಿದ್ದಳು, ಪಚ್ ಪಚ್ ಎನ್ನುವ ಸದ್ದಿನ ಜೊತೆ. ಅವಳು ತನ್ನ ಬಾಯಲ್ಲಿದ್ದ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ ಕೆನ್ನೆಯಲ್ಲಿಟ್ಟುಕೊಂಡು ಕೂತಿದ್ದಳು. ಅಮ್ಮ ಒಲೆಯ ಕಡೆಯಿಂದ ತಿರುಗದೆಯೇ, ಸಂಜೆ ಸ್ಕೂಲು ಬಿಟ್ಟ ಕೂಡಲೇ ಟೈಲರ್ ತಾತನ ಅಂಗಡಿಗೆ ಬಂದುಬಿಡು, ಕೋಟಿನ ಟ್ರಯಲ್ ಇದೆ, ನಾಳೆ ಬೆಳಿಗ್ಗೆ ಮಾವನ ಜೊತೆ ಕಾಲೇಜಿಗೆ ಹೋಗಿ ಪ್ರಿನ್ಸಿಪಾಲರನ್ನು ಕಂಡು ಸೀಟಿನ ಮಾತು ಮುಗಿಸಿಬಿಡಬೇಕು ಎಂದಳು. ಮಾತು ಮುಗಿಸುವುದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಮಾತು ಎಂದೂ ಶುರುವೇ ಆಗಿರಲಿಲ್ಲ.

ಸ್ಕೂಲಿಗೆ ನಡೆಯುತ್ತ ಅವಳು ಚೀಲದೊಳಗೆ ಕೈಹಾಕಿ ಜಾಮಿಟ್ರಿ ಪೆಟ್ಟಿಗೆಯನ್ನು ಮುಟ್ಟಿ ನೋಡಿಕೊಂಡಳು. ಕೈವಾರ ಮತ್ತು ಕೋನಮಾಪಕದ ಕೆಳಗೆ, ಹತ್ತಿಯ ಉಂಡೆಯೊಳಗೆ ಅದು ಇತ್ತು. ನಡೆದಾಗ ಕಟಕಟ ಎನ್ನುತ್ತಿದ್ದುದು ಕೈವಾರವೇ ಇರಬೇಕು, ಹತ್ತಿಯೊಳಗಿನ ವಸ್ತು ಸದ್ದು ಮಾಡಲಾರದು. ಆದರೂ ಅವಳಿಗೆ ಆ ಸದ್ದು ಅದರದ್ದೇ ಅನ್ನಿಸುತ್ತಿತ್ತು. ಎಂಜಲು ತಾಗಿದ ಲೋಟವನ್ನು ಎರಡು ಬೆರಳಲ್ಲಿ ಎತ್ತುವವಳು, ಅಮ್ಮನ ಚಮಚದಲ್ಲೂ ಸಾರಿನ ರುಚಿ ನೋಡದವಳು, ಬೇರೆಯವರ ಹಲ್ಲೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ತಿರುಗುತ್ತಿದ್ದಾಳೆ. ಚಿಕ್ಕವಳಿದ್ದಾಗ ಅಮ್ಮ ಅವಳ ಈ ಗುಣವನ್ನು ನೆಂಟರ ಮುಂದೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು, ನಮ್ಮ ಪುಟ್ಟಿಗೆ ಭಾರಿ ಶುದ್ಧ, ಎಂಜಲು ಕಂಡರೆ ಆಗಲ್ಲ ಅಂತ. ಡಾಕ್ಟರಾಗುವವರಿಗೆ ಅದೇ ಬೇಕಾದ್ದು ಎಂದು ಮಾವ ತಲೆ ಸವರಿದ್ದ. ಮಾವನಿಗೂ ಅತ್ತೆಗೂ ಮಕ್ಕಳಿಲ್ಲ. ಆ ಕ್ಲಿನಿಕ್ಕು, ಅದರ ಒರಗು ಕುರ್ಚಿ, ಕಾಲಿನಿಂದ ಒತ್ತಿದರೆ ಗುಂಯ್‌ಗುಡುವ ಯಂತ್ರ, ಗೋಡೆಯ ಮೇಲಿನ ದೊಡ್ಡ ನಗುವಿನ ಚಿತ್ರ, ಎಲ್ಲ ಅವಳು ಹುಟ್ಟಿದ ದಿನದಿಂದಲೇ ಅವಳಿಗಾಗಿ ಬಾಯಿ ತೆರೆದು ಕೂತಿದ್ದವು.

ಸ್ಕೂಲಿನಲ್ಲಿ ಆ ವಾರ ಕೊನೆಯ ವರ್ಷದವರಿಗೆ ಪಾಠವಿರಲಿಲ್ಲ. ದಿನಕ್ಕೊಂದು ಕೆಲಸದ ಜಾಗಕ್ಕೆ ಹೋಗಿ, ಯಾರದಾದರೂ ಬೆನ್ನ ಹಿಂದೆ ನಿಂತು ಅವರು ಮಾಡುವುದನ್ನು ನೋಡಿ, ಮುಂದೆ ಕಾಲೇಜಿನಲ್ಲಿ ಏನು ಓದುವುದೆಂದು ಶುಕ್ರವಾರ ಎಲ್ಲರೆದುರು ಹೇಳಬೇಕು. ಇದನ್ನೆಲ್ಲ ನೋಡಿಕೊಳ್ಳುವ ಸಲಹೆಗಾರ್ತಿಗೆ ಹುಡುಗರು ಇಟ್ಟ ಹೆಸರು ದಾರಿ ಮೇಡಂ. ತಾನೇ ದಾರಿ ತಪ್ಪಿ ಈ ಸ್ಕೂಲಿಗೆ ಬಂದವಳು ಎಂದು ಅವರ ತಮಾಷೆ. ಸೋಮವಾರ ಅವಳು ಮಾವನ ಕ್ಲಿನಿಕ್ಕಿಗೆ ಹೋಗಿದ್ದಳು. ಅಷ್ಟಕ್ಕೇ ಎಲ್ಲ ಮುಗಿದಿತ್ತು, ಆದರೂ ಉಳಿದ ದಿನಗಳು ಬಂದವು. ಮಂಗಳವಾರ ಅಪ್ಪನ ಗೆಳೆಯರಾದ ವಕೀಲರ ಆಫೀಸು: ವಕೀಲರು ಪೆನ್ನಿನ ಮುಚ್ಚಳವನ್ನು ಕಚ್ಚಿ ಕಚ್ಚಿ ಬಿಳಿ ಮಾಡಿದ್ದರು, ಅವರು ನಕ್ಕಾಗೆಲ್ಲ ಪಕ್ಕದ ಮೇಜಿನ ಜೂನಿಯರು, ಏನು ಮಾತೆಂದು ಕೇಳಿಸದಿದ್ದರೂ, ಒಂದು ಗಳಿಗೆ ತಡವಾಗಿ ನಗುತ್ತಿದ್ದ. ಬುಧವಾರ ಪೇಪರಿನ ಆಫೀಸು. ಸತ್ತವರ ಫೋಟೋ ಹಾಕುವ ಪುಟ ಮಾಡುವವನು ಟೀ ಕುಡಿಯುತ್ತ, ಈ ಮುದುಕ ನಕ್ಕಿದ್ದಾನೆ, ನಗೋ ಫೋಟೋ ಇಲ್ಲಿ ಚೆನ್ನಾಗಿರಲ್ಲ, ಬಾಯಿ ಮುಚ್ಚಿದ್ದು ಕಳಿಸೋಕೆ ಹೇಳಿ ಎನ್ನುತ್ತಿದ್ದ. ನಿನ್ನೆ ನಕ್ಷೆಯ ಆಫೀಸು. ಅಲ್ಲಿ ಉದ್ದನೆಯ ಕೋಣೆಯ ತುದಿಯಲ್ಲಿ ಒಬ್ಬ ಹೆಂಗಸು ಒಬ್ಬಳೇ ಕೂತು ಬಂದರಿನ ನೀರು ಎಲ್ಲೆಲ್ಲಿ ಎಷ್ಟು ಆಳವೆಂದು ಗೆರೆ ಎಳೆಯುತ್ತಿದ್ದಳು. ತಲೆ ಎತ್ತದೆ, ಮುಟ್ಟಬೇಡ, ಬೇಕಾದರೆ ನೋಡು ಎಂದಷ್ಟೇ ಹೇಳಿದಳು. ಆಮೇಲೆ ಮಧ್ಯಾಹ್ನದವರೆಗೆ ಆ ಹೆಂಗಸು ಬಾಯಿ ತೆರೆಯಲಿಲ್ಲ. ಸೋಮವಾರದ ಮೇಲೆ ಮೊದಲ ಸಲ ಹೊಟ್ಟೆ ತೊಳೆಸದೆ ಅಲ್ಲಿ ನಿಂತಿದ್ದಾಗ, ಇದೇ, ಇದನ್ನೇ ಓದುತ್ತೇನೆ ಎಂದು ಅವಳಿಗೆ ಅನ್ನಿಸಿತ್ತು. ಆಮೇಲೆ ಆ ಹೆಂಗಸು ಒಂದು ಗೆರೆಯನ್ನು ರಬ್ಬರಿನಿಂದ ಅಳಿಸಿ ಕೂದಲೆಳೆಯಷ್ಟು ಆಚೆ ಎಳೆದಳು, ಏಕೆಂದು ಕೇಳಿದ್ದಕ್ಕೆ, ಇದು ಇಲ್ಲಿದ್ದರೆ ಹಡಗು ತಳಕ್ಕೆ ತಾಗುತ್ತೆ ಎಂದಳು. ಇಲ್ಲೂ ಇದೆ ಅದು, ಸೋಮವಾರ ಮಾವನ ಕ್ಲಿನಿಕ್ಕಿನಲ್ಲಿ ಇದ್ದಂಥದ್ದೇ. ಎಲ್ಲ ಕೋಣೆಗಳಲ್ಲೂ ಮುಟ್ಟಿ ನೋಡಲೇಬೇಕಾದ ಒಂದು ಸಣ್ಣ ಬೊಟ್ಟು ಇದ್ದೇ ಇರುತ್ತದೆ, ತಾನು ಅಸಹ್ಯಪಟ್ಟು ಮುಟ್ಟದೆ ಬಿಡುವವಳು. ಮನೆಗೆ ಬಂದು ನಕ್ಷೆಯ ವಿಷಯ ಎತ್ತಿದಾಗ ಅಮ್ಮ ನಕ್ಕುಬಿಟ್ಟಳು: ‘ನಕ್ಷೆ ಸುತ್ತಿಕೊಂಡು ತಿಂತೀಯಾ?’

ಸಭಾಂಗಣದಲ್ಲಿ ದಾರಿ ಮೇಡಂ ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಿದ್ದರು. ಅವಳ ಪಕ್ಕದಲ್ಲಿ ಕೂರುವ ಗೆಳತಿಗೆ ಪಟಾಕಿ ಎಂದು ಹೆಸರು, ಎಲ್ಲಿ ಬೇಕಾದರೂ ಸಿಡಿಯುತ್ತಾಳೆಂದು. ಪಟಾಕಿ ದನದ ಆಸ್ಪತ್ರೆಗೆ ಹೋಗಿ ಬಂದಿದ್ದಳು. ಎದ್ದು ನಿಂತು, ‘ಡಾಕ್ಟರು ಹಸುವಿನ ಹಿಂದೆ ಭುಜದ ತನಕ ಕೈ ಹಾಕಿದ್ರು ಮೇಡಂ, ಹಾಕ್ಕೊಂಡೇ ನನ್ನ ಹೆಸರು ಕೇಳಿದ್ರು. ನಾನು ಬ್ಯಾಂಕಿಗೆ ಸೇರ್ತೀನಿ’ ಎಂದಳು. ಸಭಾಂಗಣವೆಲ್ಲ ನಕ್ಕಿತು. ಸಾಲು ಸಾಲು ಬಾಯಿಗಳು ಒಮ್ಮೆಲೇ ತೆರೆದುಕೊಂಡವು, ಒಳಗೆ ತಂತಿ ಕಟ್ಟಿದ ಹಲ್ಲು, ಓರೆ ಹಲ್ಲು, ಬೆಳಗಿನ ತಿಂಡಿ ಅಂಟಿದ ಹಲ್ಲು. ಆ ನಗು ಇನ್ನೂ ಇಳಿಯುತ್ತಿರುವಾಗಲೇ ಅವಳ ಸರದಿ ಬಂತು. ಗೊತ್ತಿಲ್ಲ ಎಂದು ಹೇಳಬೇಕೆಂದು ಅವಳು ಬೆಳಗಿನಿಂದ ನೆನೆಸಿಕೊಂಡಿದ್ದಳು. ಗೊತ್ತಿಲ್ಲ ಎನ್ನುವುದು ಎಷ್ಟು ಚಿಕ್ಕ ಮಾತು. ಆದರೆ ಎದ್ದು ನಿಂತ ಬಾಯಿ, ದಂತವೈದ್ಯಕೀಯ ಓದಬೇಕೆಂದಿದ್ದೇನೆ ಎಂದಿತು. ಅಷ್ಟಕ್ಕೇ ನಿಲ್ಲದೆ, ಜನರ ನೋವು ಕಡಿಮೆ ಮಾಡುವ ಕೆಲಸಕ್ಕಿಂತ ದೊಡ್ಡದು ಯಾವುದೂ ಇಲ್ಲ, ಸೋಮವಾರ ಅದನ್ನು ಹತ್ತಿರದಿಂದ ನೋಡಿದೆ ಎಂದೂ ಹೇಳಿತು. ದಾರಿ ಮೇಡಂ ಕಣ್ಣರಳಿಸಿ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಕೂತ ಮೇಲೆ ಪಟಾಕಿ ಕಿವಿಯ ಹತ್ತಿರ ಬಂದು, ‘ನಿಮ್ಮಮ್ಮ ಮಾತಾಡಿದ ಹಾಗಿತ್ತು ಕಣೇ’ ಎಂದಳು. ಪಟಾಕಿಯ ಉಸಿರಿನಲ್ಲಿ ಪೆಪ್ಪರ್‌ಮಿಂಟಿನ ವಾಸನೆಯಿತ್ತು. ಅವಳು ಎದ್ದು ಬಚ್ಚಲಿಗೆ ಹೋಗಿ, ಏನೂ ಬಾರದ ವಾಕರಿಕೆಯಲ್ಲಿ ಬಹಳ ಹೊತ್ತು ಬೇಸಿನ್ನಿನ ಮೇಲೆ ಬಗ್ಗಿ ನಿಂತಳು. ಎದುರಿನ ಕನ್ನಡಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ಆ ಬಾಯಿ, ತುಟಿಯಿಂದ ಒಂದು ಎಳೆ ಎಂಜಲು ಇಳಿಬಿಟ್ಟುಕೊಂಡು, ಅವಳನ್ನೇ ನೋಡುತ್ತಿತ್ತು.

ಪೆಪ್ಪರ್‌ಮಿಂಟು ತಾತನ ವಾಸನೆ. ಮೊದಲ ತರಗತಿಯಿಂದ ಅವಳ ಯೂನಿಫಾರ್ಮು ಹೊಲಿದವನು ಆ ಟೈಲರ್ ತಾತ. ಪ್ರತಿ ವರ್ಷ ಸ್ಕೂಲು ತೆರೆಯುವ ಮೊದಲು ಅವನೆದುರು ಕೈ ಚಾಚಿ ನಿಲ್ಲಬೇಕು. ಅವನು ಟೇಪು ಹಿಡಿದು ಹತ್ತಿರ ಬಗ್ಗುವಾಗ ಕೆನ್ನೆಯಲ್ಲಿಟ್ಟ ಪೆಪ್ಪರ್‌ಮಿಂಟು ಹಲ್ಲಿಗೆ ತಾಗಿ ಟಿಕ್ ಎನ್ನುತ್ತಿತ್ತು, ಅದರ ತಂಪು ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ, ಮುಚ್ಚಿಟ್ಟ ಡಬ್ಬಿಯದು. ಅವಳು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ‘ಉಸಿರು ಬಿಡು ಮರೀ, ಇಲ್ಲಾಂದ್ರೆ ಅಂಗಿ ಬಿಗಿಯಾಗುತ್ತೆ’ ಎಂದು ಅವನು ನಗುತ್ತಿದ್ದ, ಅವಳು ಏಕೆ ಹಿಡಿದಿದ್ದಾಳೆಂದು ತಿಳಿಯದೆ, ಅಥವಾ ತಿಳಿದೇ. ಸೋಮವಾರ ಮಾವನ ಕುರ್ಚಿಯಲ್ಲಿ ಅವನು ಬಂದು ಒರಗಿದಾಗ ಅವಳು ಅಭ್ಯಾಸದಿಂದ ಉಸಿರು ಹಿಡಿದಿದ್ದಳು. ತಾತನಿಗೆ ಇಡೀ ಕೆಳದವಡೆ ನೋವು, ಎಡವೋ ಬಲವೋ ಹೇಳಲಾಗದು, ತಲೆಯ ತನಕ ಹರಿಯುತ್ತೆ ಡಾಕ್ಟ್ರೇ, ಸೂಜಿಗೆ ದಾರ ಹಾಕೋಕೆ ಆಗ್ತಿಲ್ಲ ಎಂದ. ಮಾವ ಎರಡೂ ಕಡೆ ಎಕ್ಸ್‌ರೇ ತೆಗೆದ. ಫಿಲ್ಮನ್ನು ಒಳಗಿಟ್ಟ ಬೆರಳಗಲದ ಎರಡು ಪುಟ್ಟ ಪೊಟ್ಟಣಗಳು ಒಂದಾದ ಮೇಲೊಂದು ತಾತನ ಬಾಯೊಳಗಿಂದ ಬಂದವು. ಎಡಗಡೆಯದು ಎಡಗಡೆಯ ಬಟ್ಟಲಿಗೆ, ಬಲಗಡೆಯದು ಬಲಗಡೆಯ ಬಟ್ಟಲಿಗೆ, ತೊಳೆದ ಮೇಲೆ ಫಿಲ್ಮಿನ ಮೂಲೆಯಲ್ಲೊಂದು ಉಬ್ಬಿದ ಬೊಟ್ಟು ಸಿಗುತ್ತೆ, ಬೆರಳಲ್ಲಿ ಮುಟ್ಟಿ ನೋಡು, ಉಬ್ಬು ನಿನ್ನ ಕಡೆಗಿರಲಿ, ಆಗ ಎಡಬಲ ಅದಲುಬದಲಾಗಲ್ಲ, ಇಷ್ಟೇ ಕಣೇ ನಮ್ಮ ವಿದ್ಯೆ ಎಂದು ಮಾವ ಬೆಳಗ್ಗೆಯೇ ಹೇಳಿಕೊಟ್ಟಿದ್ದ. ಪೊಟ್ಟಣದಿಂದ ತಾತನ ತುಟಿಯವರೆಗೆ ಎಂಜಲಿನ ಒಂದು ದಾರ ಎಳೆದುಕೊಂಡು ಬಂದು, ಕಡಿಯದೆ, ಅವಳ ಮಣಿಕಟ್ಟಿನ ಮೇಲೆ ಬಿತ್ತು. ಬೆಚ್ಚಗಿತ್ತು. ಅವಳು ಎರಡನ್ನೂ ಉಗುರ ತುದಿಯಲ್ಲಿ ಹಿಡಿದು ಹತ್ತಿರವಿದ್ದ ಒಂದೇ ಬಟ್ಟಲಿಗೆ ಬೀಳಿಸಿ, ಕೈಯನ್ನು ಲಂಗಕ್ಕೆ ಉಜ್ಜಿದಳು, ಮತ್ತೆ ಉಜ್ಜಿದಳು.

ಕತ್ತಲ ಕೋಣೆಯಲ್ಲಿ ತೊಳೆದು ತಂದು ದೀಪದ ಹಲಗೆಗೆ ಸಿಕ್ಕಿಸುವಾಗ ಯಾವುದು ಎಡ ಯಾವುದು ಬಲ ಎಂದು ಅವಳಿಗೆ ಗೊತ್ತಿರಲಿಲ್ಲ. ಬೊಟ್ಟನ್ನು ಮುಟ್ಟಿದ್ದರೆ ತಿಳಿಯುತ್ತಿತ್ತು. ಒದ್ದೆ ಫಿಲ್ಮಿನ ಮೇಲೆ ಬೆರಳಾಡಿಸಲು ಅವಳ ಕೈಲಾಗಲಿಲ್ಲ. ಅದು ನೀರೆಂದು ಗೊತ್ತಿದ್ದೂ ಅವಳಿಗೆ ಎಂಜಲೇ. ಹಿಂದಿನ ರೋಗಿಯ ಚಿತ್ರದಲ್ಲಿ ದೊಡ್ಡ ಹಲ್ಲುಗಳು ಹೊರಗಡೆಗೆ, ಸಣ್ಣವು ನಡುವೆ ಇದ್ದುದು ನೆನಪಿತ್ತು. ಹಾಗೆ ಚೆಂದ ಕಾಣುವಂತೆ ಜೋಡಿಸಿದಳು. ಚೆಂದವೇ ಕಂಡಿತು. ಮಾವ ಹತ್ತಿರ ಬರಲಿಲ್ಲ, ಕೈಯಲ್ಲಿ ಸಿರಿಂಜು ಹಿಡಿದು ದೂರದಿಂದಲೇ ನೋಡಿ, ಬಲಗಡೆಯ ಬೇರಿನ ಕೆಳಗೆ ಕಪ್ಪು ಮಚ್ಚೆ ಕಂಡು, ಸಿಕ್ಕಿಬಿದ್ದ ಕಳ್ಳ ಎಂದ. ಮಾವನಿಗೆ ರೋಗಿಗಳ ಜೊತೆ ಮಾತಾಡುವ ಚಟ. ಬಾಯೊಳಗೆ ಹತ್ತಿ ತುರುಕಿದ ಮೇಲೆಯೇ ಅವನಿಗೆ ಪ್ರಶ್ನೆಗಳು ಹುಟ್ಟುತ್ತವೆ: ಮಗ ಹೇಗಿದ್ದಾನೆ, ಮಳೆ ಬರುತ್ತೆ ಅನ್ನಿಸುತ್ತಾ, ಯಾರಿಗೆ ಓಟು ಹಾಕಿದ್ರಿ. ರೋಗಿ ಅಆ ಎನ್ನುತ್ತಾನೆ. ಮಾವನೇ ಉತ್ತರ ಹೇಳಿಕೊಳ್ಳುತ್ತಾನೆ, ಚೆನ್ನಾಗಿದ್ದಾನಂತೆ, ಬರುತ್ತಂತೆ. ‘ಬಾಯಿ ಬಿಟ್ಟರೆ ಬಣ್ಣಗೇಡು ಅಂತಾರೆ, ನನ್ನ ಮನೆಗೆ ಬಣ್ಣ ಹೊಡೆಸಿದ್ದೇ ಬಾಯಿ ಬಿಟ್ಟವರು’ ಎಂದು ಅವನು ಹೇಳಿದಾಗ ಕುರ್ಚಿಯಲ್ಲಿದ್ದವರೆಲ್ಲ ಕಣ್ಣಿನಲ್ಲೇ ನಗಬೇಕು. ತಾತನೂ ಕಣ್ಣಿನಲ್ಲಿ ನಕ್ಕ. ಆಮೇಲೆ ಮಾವನ ಮೊಣಕೈ ಮೇಲೇರಿತು, ಒಣಗಿದ ಕೊಂಬೆ ಮುರಿಯುವ ಹಾಗೆ ಒಂದು ಸದ್ದು, ಮತ್ತು ಹಲ್ಲು ಬಂತು. ಬಿಳಿಯ ಹಲ್ಲು. ಬೇರುಗಳೆರಡೂ ಗಟ್ಟಿಮುಟ್ಟಾಗಿ, ತುದಿಯವರೆಗೆ ನಯವಾಗಿ, ಎಲ್ಲೂ ಒಂದು ಕರೆಯಿಲ್ಲ. ಮಾವ ಅದನ್ನು ಇಕ್ಕಳದಲ್ಲೇ ಹಿಡಿದು ಬೆಳಕಿಗೆ ತಿರುಗಿಸಿದ. ದೀಪದ ಹಲಗೆಯ ಹತ್ತಿರ ಹೋಗಿ ಫಿಲ್ಮಿನ ಮೂಲೆಯ ಮೇಲೆ ಹೆಬ್ಬೆರಳಾಡಿಸಿದ, ಒಂದನ್ನು ತೆಗೆದು ಮಗುಚಿದ, ಇನ್ನೊಂದನ್ನು ಮಗುಚಿದ, ಎಡದ್ದನ್ನು ಬಲಕ್ಕೆ ಬಲದ್ದನ್ನು ಎಡಕ್ಕೆ ಸಿಕ್ಕಿಸಿದ. ಅವಳ ಕಡೆಗೆ ನೋಡಿದ. ಬೈಯುವ ನೋಟವಾಗಿದ್ದರೆ ಅವಳು ಅಳುತ್ತಿದ್ದಳು. ಅದು ಹಬ್ಬದ ಮನೆಯಲ್ಲಿ ಡಬ್ಬಿಯಿಂದ ಕದ್ದು ತಿಂದ ಮಗುವನ್ನು ಕಂಡೂ ಕಾಣದಂತಿರುವವರ ನೋಟ. ತಿರುಗಿ, ಹತ್ತಿ ಕಚ್ಚಿಕೊಂಡು ಮಲಗಿದ್ದ ತಾತನಿಗೆ ಹೇಳಿದ: ‘ಇದೂ ಹೋಗಬೇಕಾದ್ದೇ ತಾತ, ಒಳಗೊಳಗೇ ಕೆಟ್ಟಿತ್ತು. ಈಗ ಈ ಕಡೆ ಇದರ ಅಣ್ಣ ಒಬ್ಬ ಇದ್ದಾನೆ, ಅವನನ್ನೂ ಕಳಿಸಿಬಿಡೋಣ. ಒಂದೇ ಸಲಕ್ಕೆ ಹಗುರ. ಅಲ್ವೇನೇ ಪುಟ್ಟಿ?’

ತಾತನ ಕಣ್ಣು ಅವಳ ಕಡೆ ಹೊರಳಿತು. ಅವನ ಕೈ ಯಾವಾಗ ಅವಳ ಕೈಯನ್ನು ಹಿಡಿದಿತ್ತೋ, ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ಅವಳು, ‘ಹೌದು ತಾತ’ ಎಂದಳು.

ಎಷ್ಟು ಸಲೀಸಾಗಿ ಬಂತು ಆ ಹೌದು. ಅದನ್ನು ಯಾರೂ ಅವಳ ಬಾಯಿಂದ ಇಕ್ಕಳ ಹಾಕಿ ಕಿತ್ತಿರಲಿಲ್ಲ. ಇನ್ನೊಂದು ಹಲ್ಲು ಕಪ್ಪಾಗಿ, ಬೇರಿನಲ್ಲಿ ಕೀವಿನ ಚೀಲ ಜೋತುಬಿದ್ದುಕೊಂಡು ಬಂದಾಗ ಅದನ್ನು ನೋಡಿ ಅವಳಿಗೆ ಅಸಹ್ಯವಾಗಲಿಲ್ಲ. ತಟ್ಟೆಯ ಇನ್ನೊಂದು ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದ ಆ ಬಿಳಿಯದನ್ನು ನೋಡಲಾಗಲಿಲ್ಲ. ಮಾವ ಒಂದೇ ಹಲ್ಲಿನ ದುಡ್ಡು ಕೊಡಿ ಸಾಕು ಎಂದ. ಎರಡೂ ಕೆನ್ನೆ ಊದಿದ ತಾತ ಕೈ ಮುಗಿದು, ಹತ್ತಿಯ ನಡುವಿನಿಂದಲೇ ಏನೇನೋ ಹೇಳಿದ. ಅದರ ಅರ್ಥ ಮಾರನೆಯ ದಿನ ಗೊತ್ತಾಯಿತು, ಡಾಕ್ಟರಮ್ಮನ ಬಿಳಿ ಕೋಟು ನಾನು ಹೊಲಿದು ಕೊಡ್ತೀನಿ, ಕೂಲಿ ಬೇಡ, ಅಳತೆಯೂ ಬೇಡ, ಅವಳ ಅಳತೆ ನನ್ನ ಕೈಯಲ್ಲೇ ಇದೆ ಎಂದು ಅಮ್ಮನಿಗೆ ಹೇಳಿ ಕಳಿಸಿದ್ದ. ಅವನು ಹೋದ ಮೇಲೆ ಮಾವ ಕೈ ತೊಳೆಯಲು ಹೋದಾಗ ಅವಳು ತಟ್ಟೆಯಿಂದ ಆ ಹಲ್ಲನ್ನು ಬರಿಗೈಯಲ್ಲಿ ಎತ್ತಿಕೊಂಡಳು. ಏಕೆಂದು ಅವಳಿಗೆ ತಿಳಿಯದು. ಬಹುಶಃ ಅದನ್ನು ಆ ಕಪ್ಪು ಹಲ್ಲಿನ ಜೊತೆ ಒಂದೇ ಕಸದ ಡಬ್ಬಿಗೆ ಎಸೆಯುತ್ತಾರೆ ಎನ್ನುವುದನ್ನು ತಾಳಲಾರದೆ. ಮನೆಗೆ ಬಿಡಲು ಬಂದ ಮಾವ ಕಾರಿನಲ್ಲಿ, ಮನೆಯ ತಿರುವಿನಲ್ಲಿ ಅವಳ ಮೊಣಕಾಲು ತಟ್ಟಿ ಹೇಳಿದ: ‘ನನ್ನ ಕೈಯಲ್ಲೂ ಹೋಗಿದೆ ಕಣೇ ಒಂದು. ನನಗೆ ಕಲಿಸಿದವರ ಕೈಯಲ್ಲೂ. ಎಲ್ಲರ ಲೆಕ್ಕದಲ್ಲೂ ಒಂದೊಂದು ಒಳ್ಳೆ ಹಲ್ಲು ಇರುತ್ತೆ. ಯಾರೂ ಹೇಳ್ಕೊಳ್ಳಲ್ಲ ಅಷ್ಟೇ. ಈಗ ನೀನೂ ನಮ್ಮವಳಾದೆ ಬಿಡು.’ ಅವನ ದನಿಯಲ್ಲಿ ಪ್ರೀತಿಯಿತ್ತು. ಆ ರಾತ್ರಿ ಊಟಕ್ಕೆ ಉಳಿದ ಮಾವ ಎಲ್ಲರೆದುರು, ಇವಳಿಗೆ ಕೈ ಇದೆ ಅಕ್ಕಾ, ಒಂದು ಸಲ ಹೇಳಿಕೊಟ್ಟರೆ ಸಾಕು, ಎದೆಗಾರಿಕೆಯೂ ಇದೆ ಎಂದು ಹೊಗಳಿದ. ಅಮ್ಮನ ಕಣ್ಣು ತುಂಬಿತು. ಅಜ್ಜಿ ಸೆಟ್ಟು ಹಾಕಿಕೊಂಡು ನಕ್ಕಳು.

ಶುಕ್ರವಾರ ಸಂಜೆ ಟೈಲರ್ ಅಂಗಡಿಗೆ ಅವಳು ಬಂದಾಗ ಅಮ್ಮ ಆಗಲೇ ಹೊರಗಿನ ಬೆಂಚಿನ ಮೇಲೆ ಕೂತು ಪಕ್ಕದ ಮನೆಯಾಕೆಯ ಜೊತೆ ಮಾತಾಡುತ್ತಿದ್ದಳು. ಅಂಗಡಿ ಎಂದರೆ ರಸ್ತೆಗೆ ತೆರೆದ ಒಂದು ಗೂಡು. ಒಳಗಡೆ ಪರದೆ ಎಳೆದ ಮೂಲೆ, ಮೂಲೆಯಲ್ಲಿ ಉದ್ದ ಕನ್ನಡಿ, ಮೂಗೆತ್ತರಕ್ಕೆ ತೂಗಿದ ಬಲ್ಬು, ಕಾಲಡಿ ಬಟ್ಟೆಯ ಚೂರುಗಳು. ತಾತ ಕುತ್ತಿಗೆಗೆ ಟೇಪು ಹಾಕಿಕೊಂಡು ಕಾಯುತ್ತಿದ್ದ. ಅವನ ಕೆನ್ನೆಯ ಊತ ಇಳಿದು ಈಗ ಎರಡೂ ಕಡೆ ಒಳಗೆ ಬಿದ್ದಿತ್ತು, ಅದರಿಂದ ಅವನು ವಾರದಲ್ಲೇ ಇನ್ನಷ್ಟು ಮುದುಕನಾಗಿದ್ದ. ನಾಲಿಗೆ ಒಳಗೆ ಒಂದೊಂದು ಸಲ ಒಂದೊಂದು ಕಡೆಗೆ ಹೋಗಿ ಏನನ್ನೋ ಹುಡುಕಿ ಬರುವುದು ಕೆನ್ನೆಯ ಹೊರಗಿನಿಂದಲೇ ಕಾಣುತ್ತಿತ್ತು. ನೋವು ಹೋಯಿತಾ ತಾತ ಎಂದು ಅಮ್ಮ ಕೇಳಿದ್ದಕ್ಕೆ ಅವನು, ‘ಹೋಯ್ತಮ್ಮ, ನಿಮ್ಮ ತಮ್ಮ ದೇವರಂಥವರು. ಅಗಿಯೋದೇ ಸ್ವಲ್ಪ ಕಷ್ಟ ಆಗಿದೆ, ಎರಡೂ ಕಡೆ ಇಲ್ಲವಲ್ಲ. ಗಂಜಿ ಕುಡಿದು ಕುಡಿದು ನನ್ನ ಪ್ಯಾಂಟೇ ನಾನು ಬಿಗಿ ಮಾಡ್ಕೋಬೇಕು’ ಎಂದ. ಅಮ್ಮ ನಕ್ಕಳು. ಪರದೆಯೊಳಗೆ ಅವನು ಅವಳಿಗೆ ಕೋಟು ತೊಡಿಸಿದ. ಇನ್ನೂ ಯಂತ್ರಕ್ಕೆ ಕೊಡದ ಬಟ್ಟೆ, ತೋಳು ಕಾಲರು ಎಲ್ಲ ಉದ್ದುದ್ದ ಬಿಳಿ ನೂಲಿನ ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು. ಅಳತೆ ತೆಗೆಯದೆಯೇ ಎಷ್ಟು ಸರಿಯಾಗಿತ್ತೆಂದರೆ ಅದು ಅವಳನ್ನೇ ಒಳಗೆಳೆದುಕೊಂಡಂತಿತ್ತು. ಕೈ ಚಾಚಿ ನಿಂತಳು. ಕನ್ನಡಿಯಲ್ಲಿ ಬಿಳಿ ಕೋಟಿನ ಒಬ್ಬಳು, ಇವಳಿಗಿಂತ ದೊಡ್ಡವಳು, ಯಾರ ಬಾಯೊಳಗಾದರೂ ಕೈ ಹಾಕಬಲ್ಲವಳು.

ತಾತ ಪಿನ್ನುಗಳನ್ನು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡ. ಡಾಕ್ಟರು ಸ್ವಲ್ಪ ದಿನ ಪಿನ್ನು ಕಚ್ಚಬೇಡ ಅಂದಿದ್ದಾರೆ, ಆದರೆ ಬಾಯಲ್ಲಿ ಪಿನ್ನಿಲ್ಲದಿದ್ದರೆ ನನ್ನ ಕೈಗೆ ಕೆಲಸವೇ ತೋಚಲ್ಲ ಎಂದು ಹೇಳಿ ಆಮೇಲೆ ಕಚ್ಚಿಕೊಂಡಿದ್ದ. ಅವನು ಹತ್ತಿರ ಬಗ್ಗಿ ಬೆನ್ನ ಕಡೆ ಒಂದು ಮಡಿಕೆ ಹಿಡಿದು ಪಿನ್ನು ಚುಚ್ಚಿದ. ಪೆಪ್ಪರ್‌ಮಿಂಟಿನ ವಾಸನೆ ಇರಲಿಲ್ಲ, ಔಷಧಿಯ ಕಹಿ ವಾಸನೆಯಿತ್ತು. ಅವಳು ಉಸಿರು ಹಿಡಿದಳು. ಉಸಿರು ಬಿಡು ಮರೀ ಎಂದು ಅವನು ಹೇಳಲಿಲ್ಲ, ಬಾಯಲ್ಲಿ ಪಿನ್ನುಗಳಿದ್ದವು. ಬೆನ್ನನ್ನು ಮೆಲ್ಲಗೆ ತಟ್ಟಿದ ಅಷ್ಟೇ. ಆ ತಟ್ಟುವಿಕೆಗೆ ಅವಳೊಳಗೆ ಏನೋ ಸಡಿಲವಾಯಿತು. ಹೊರಗೆ ಅಮ್ಮ, ತಮ್ಮನ ಕ್ಲಿನಿಕ್ಕೇ ಇದೆಯಲ್ಲ, ಓದು ಮುಗಿಸಿದ ದಿನವೇ ಕುರ್ಚಿ ಸಿದ್ಧ ಎಂದು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದಳು. ಅವಳು ಕನ್ನಡಿಯಲ್ಲಿ ತಾತನ ತಲೆಯನ್ನು ನೋಡುತ್ತ, ತಗ್ಗಿದ ದನಿಯಲ್ಲಿ, ಒಂದೇ ಉಸಿರಿಗೆ ಹೇಳಿಬಿಟ್ಟಳು. ಬಲಗಡೆಯ ಹಲ್ಲು ಚೆನ್ನಾಗಿತ್ತು ತಾತ, ಫಿಲ್ಮನ್ನು ನಾನು ತಿರುವುಮುರುವಾಗಿ ಇಟ್ಟೆ, ಮುಟ್ಟೋಕೆ ಅಸಹ್ಯ ಆಗಿ, ಮಾವನಿಗೆ ಆಮೇಲೆ ಗೊತ್ತಾಯ್ತು, ನಿಮಗೆ ಸುಳ್ಳು ಹೇಳಿದ್ವಿ, ನಾನೂ ಹೌದು ಅಂದೆ. ಬಗ್ಗಿದ್ದ ತಲೆ ಅಲುಗಲಿಲ್ಲ. ಪಿನ್ನು ಹಿಡಿದ ಕೈ ಗಾಳಿಯಲ್ಲಿ ನಿಂತಿತು. ಅವನ ತುಟಿಗಳ ನಡುವಿನಿಂದ ಊಂ ಎನ್ನುವಂಥ ಒಂದು ಸದ್ದು ಬಂತು. ಅವಳು ತಡೆಯಲಾರದೆ, ‘ಪರವಾಗಿಲ್ಲ ಅಲ್ವಾ ತಾತ? ಹೇಗೂ ವಯಸ್ಸಾಯ್ತಲ್ಲ, ಇವತ್ತಲ್ಲ ನಾಳೆ ಅದೂ... ಪರವಾಗಿಲ್ಲ ಬಿಡಿ’ ಎಂದಳು.

ಎಂದ ಮೇಲೆ ಕೇಳಿಸಿತು. ಆ ದನಿ, ಆ ಬಿಡಿ, ಕೊನೆಗೆ ಮೆಲ್ಲಗೆ ಇಳಿಯುವ ಆ ಪ್ರೀತಿ. ಕುರ್ಚಿಯ ಬದಿಯಲ್ಲಿ ನಿಂತು, ಹತ್ತಿ ತುಂಬಿದ ಬಾಯಿಗೆ ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳಿಕೊಳ್ಳುವ ದನಿ. ವಾರವಿಡೀ ಹೇಳಲಾಗದ್ದನ್ನು ಅವಳು ಈಗ ಏಕೆ ಹೇಳಿದಳೆಂದರೆ, ಈಗ ಅವನ ಬಾಯಲ್ಲಿ ಪಿನ್ನುಗಳಿದ್ದವು. ಹೊಟ್ಟೆಯಿಂದ ಎದ್ದದ್ದು ಗಂಟಲಿಗೆ ಬಂದು ನಿಂತಿತು, ಹುಳಿಯಾಗಿ, ಬೆಚ್ಚಗೆ. ಕನ್ನಡಿಯ ಬಿಳಿ ಕೋಟಿನವಳು ಕೈ ಚಾಚಿಕೊಂಡು ನಿಂತೇ ಇದ್ದಳು, ಯಾವುದಕ್ಕೂ ಸಿದ್ಧವಾಗಿ. ಇಷ್ಟು ದಿನ ಊರಿನವರ ಬಾಯಿಗಳನ್ನೆಲ್ಲ ನೋಡಿ ಹೇಸಿದ್ದಳು, ಈಗ ತನ್ನದಕ್ಕೆ. ಅವಳು ಬಂದದ್ದನ್ನು ನುಂಗಿದಳು. ಆಮೇಲೆ, ತನ್ನ ದನಿಯನ್ನು ಹುಡುಕಿ ಹುಡುಕಿ, ‘ಪಿನ್ನು ತೆಗೀರಿ ತಾತ’ ಎಂದಳು. ‘ತೆಗೆದು ಹೇಳಿ.’

ಅವನು ನೆಟ್ಟಗೆ ನಿಲ್ಲಲು ಹೊತ್ತು ಹಿಡಿಯಿತು. ಪಿನ್ನುಗಳನ್ನು ಒಂದೊಂದಾಗಿ ತುಟಿಯಿಂದ ತೆಗೆದು ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಹತ್ತಿಯ ಗುಬುಟಿಗೆ ಚುಚ್ಚಿದ. ಅವಳಿಗೆ ಆ ಹೊತ್ತು ಮುಗಿಯದಿದ್ದರೆ ಸಾಕಿತ್ತು. ಮುಗಿಯಿತು. ಅವನು ಕೈ ಚಾಚಿದ, ಅವಳಿಗೆ ತಿಳಿಯಿತು, ಅಥವಾ ತಿಳಿಯಿತೆಂದುಕೊಂಡು ಚೀಲದಿಂದ ಜಾಮಿಟ್ರಿ ಪೆಟ್ಟಿಗೆ ತೆಗೆದು, ಹತ್ತಿ ಬಿಡಿಸಿ, ಹಲ್ಲನ್ನು ಅವನ ಅಂಗೈಯಲ್ಲಿಟ್ಟಳು. ಅವನು ಕೈ ಚಾಚಿದ್ದು ಕೋಟನ್ನು ವಾಪಸು ತೆಗೆದುಕೊಳ್ಳಲಿಕ್ಕೇ ಇರಬಹುದು. ಈಗ ಹಲ್ಲನ್ನು ಬಲ್ಬಿನ ಹತ್ತಿರ ಹಿಡಿದು, ಹೊಸ ಬಟ್ಟೆಯ ನೇಯ್ಗೆ ನೋಡುವವನ ಹಾಗೆ ಕಣ್ಣು ಕಿರಿದು ಮಾಡಿ, ತಿರುಗಿಸಿ ತಿರುಗಿಸಿ ನೋಡಿದ. ನಾಲಿಗೆ ಬಲಗೆನ್ನೆಯ ಒಳಗೆ ಹೋಗಿ ಅಲ್ಲೇ ನಿಂತಿತು.

‘ಇದರಲ್ಲೇ ನಾನು ಊಟ ಮಾಡ್ತಾ ಇದ್ದದ್ದು’ ಎಂದ.

ಅವನು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಹಲ್ಲನ್ನು ಅಂಗಿಯ ಜೇಬಿಗೆ, ಚಾಕಿನ ತುಂಡು ಇಡುವ ಜೇಬಿಗೆ ಹಾಕಿಕೊಂಡ. ಅವಳ ಹತ್ತಿರ ಬಂದು, ಭುಜದ ಹತ್ತಿರದ ಕಚ್ಚಾ ಹೊಲಿಗೆಯ ತುದಿಯನ್ನು ಬೆರಳಿಗೆ ಸುತ್ತಿ ಎಳೆದ. ನೂಲು ಸರ್ರನೆ ಉದ್ದಕ್ಕೆ ಬಂತು, ಬಲಗಡೆಯ ತೋಳು ಜಾರಿ ಅವಳ ಮಣಿಕಟ್ಟಿನ ಮೇಲೆ ಬಳೆಯ ಹಾಗೆ ಬಿದ್ದು ನೇತಾಡಿತು. ಅದು ಸಿಟ್ಟೋ, ಅಳತೆ ಸರಿಯಿಲ್ಲವೆಂದು ಬಿಚ್ಚಿದ್ದೋ, ಅವನ ಮುಖದಲ್ಲಿ ಓದಲಾಗಲಿಲ್ಲ. ಅವನ ಮುಖವನ್ನು ಅವಳು ಇಡೀ ವಾರದಲ್ಲಿ ಮೊದಲ ಸಲ ನೋಡುತ್ತಿದ್ದಳು. ಎಡಗಣ್ಣಿನ ಕೆಳಗೆ ಒಂದು ಮಚ್ಚೆಯಿತ್ತು, ಹುಬ್ಬುಗಳಲ್ಲಿ ನೂಲಿನ ಧೂಳಿತ್ತು.

ಹೊರಗಿನಿಂದ ಅಮ್ಮ ಕೂಗಿದಳು: ‘ಆಯ್ತಾ ತಾತ? ಸರಿ ಹೋಯ್ತಾ ಅವಳಿಗೆ?’

ತಾತ ಬಾಯಿ ತೆರೆದ. ಅಭ್ಯಾಸದಂತೆ, ಆಯ್ತಮ್ಮ, ಹೇಳಿ ಮಾಡಿಸಿದ ಹಾಗಿದೆ ಎನ್ನುವ ಮಾತು ತುಟಿಯವರೆಗೆ ಬಂದದ್ದು ಕಂಡಿತು. ಅದನ್ನು ಅಲ್ಲೇ ತಡೆದು, ಅವಳ ಮೇಲಿನ ಕಣ್ಣು ತೆಗೆಯದೆ, ‘ನಿಮ್ಮ ಮಗಳನ್ನೇ ಕೇಳಿ’ ಎಂದ. ಆಮೇಲೆ ಪರದೆಯನ್ನು ಸರಿಸಿ, ಅವಳನ್ನು ಹಾಗೆಯೇ ಬಿಟ್ಟು, ಯಂತ್ರದ ಮುಂದಿನ ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತ.

ಅಮ್ಮ ಬೆಂಚಿನಿಂದ ಏಳುತ್ತ ನಗುಮುಖದಲ್ಲೇ ಒಳಗೆ ನೋಡಿದಳು, ಪಕ್ಕದ ಮನೆಯಾಕೆಯೂ ಕುತ್ತಿಗೆ ಉದ್ದ ಮಾಡಿದಳು. ಒಂದು ತೋಳಿನ ಕೋಟಿನಲ್ಲಿ ಅವಳು ನಿಂತಿದ್ದಳು. ಬಾಯಲ್ಲಿ ಇನ್ನೂ ಆ ಹುಳಿ ಇತ್ತು, ತನ್ನದೇ ಹುಳಿ, ಉಗುಳಲು ಜಾಗವಿರಲಿಲ್ಲ. ನಾಲಿಗೆ ಒಂದು ಸಲ ತನ್ನ ಹಲ್ಲುಗಳನ್ನೆಲ್ಲ ಮುಟ್ಟಿ ಬಂತು, ಎಡಗಡೆ, ಬಲಗಡೆ, ಎಲ್ಲ ಇದ್ದವು.

‘ಅವರು ಬರೋದು ಬೇಡಮ್ಮ, ನೀನೊಬ್ಬಳೇ ಒಳಗೆ ಬಾ’ ಎಂದಳು. ‘ಕೂತ್ಕೋ. ನಾನು ಹೇಳಿ ಮುಗಿಸೋ ತನಕ ಹೌದು ಅನ್ನಬೇಡ, ಇಲ್ಲ ಅಂತಲೂ ಅನ್ನಬೇಡ.’